ಅಳಿವೆಯ ಕೆಸರು ನೋಡಿ ಹಳೇ ಕಾಲದ ನೀರು ಹೇಗಿತ್ತು ಅಂತ ಹೇಳುವುದು ಹೇಗೆ?

ನಿಮ್ಮ ಪ್ರಶ್ನೆ ಇದು: ಮುನ್ನೂರು ವರ್ಷದ ಹಿಂದೆ ಅಳಿವೆಯ (ನದಿ ಕಡಲು ಸೇರುವ ಜಾಗದ) ನೀರನ್ನು ಯಾರೂ ಅಳೆದಿಟ್ಟಿಲ್ಲ. ಹಾಗಿದ್ದೂ ಆಗ ಉಪ್ಪು ಜಾಸ್ತಿ ಇತ್ತು, ತಳದಲ್ಲಿ ಆಮ್ಲಜನಕ ಕಡಿಮೆ ಇತ್ತು ಅಂತ ವಿಜ್ಞಾನಿಗಳು ಹೇಳುವುದು ಬರೀ ಊಹೆಯಾ? ನಮ್ಮ ಹೊನ್ನಾವರದಲ್ಲೂ ಹೀಗೆ ಕಂಡುಹಿಡಿಯಬಹುದಾ?

ಊಹೆ ಅಲ್ಲ, ಆದರೆ ನೇರ ಅಳತೆಯೂ ಅಲ್ಲ. ಹಳೇ ನೀರು ಯಾವತ್ತೋ ಕಡಲು ಸೇರಿತು. ಆ ನೀರಲ್ಲಿ ಯಾವ ಜೀವಿಗಳು ಬದುಕಿದ್ದವು ಎಂಬುದು ಮಾತ್ರ ಕೆಸರಿನಲ್ಲಿ ಉಳಿದಿದೆ. ಅದನ್ನು ಹಿಡಿದುಕೊಂಡು ಹಿಂದಕ್ಕೆ ಹೋಗಬೇಕು.

ನಾನು ಎರಡು ವರ್ಷ ಇಂಥದೊಂದು ಲ್ಯಾಬಿನಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿದ್ದೆ. ಕೆಲಸ ಕೇಳುವುದಕ್ಕೆ ದೊಡ್ಡದು, ಮಾಡುವುದಕ್ಕೆ ಅಕ್ಕಿ ಆರಿಸಿದ ಹಾಗೆ. ಅಳಿವೆಯ ತಳಕ್ಕೆ ಪೈಪ್ ಇಳಿಸಿ ಕೆಸರಿನ ಕಂಬವನ್ನು ಹಾಗೇ ಎತ್ತುತ್ತಾರೆ. ಇದಕ್ಕೆ ಕೋರ್ ಅನ್ನುತ್ತಾರೆ. ಅದನ್ನು ಒಂದೊಂದು ಸೆಂಟಿಮೀಟರಿಗೆ ಬಿಲ್ಲೆ ಬಿಲ್ಲೆಯಾಗಿ ಕೊಯ್ಯಬೇಕು. ಬಿಲ್ಲೆಯ ಅಂಚನ್ನು ಕೆರೆದು ಬಿಸಾಡಬೇಕು, ಯಾಕಂದರೆ ಪೈಪ್ ಇಳಿಯುವಾಗ ಮೇಲಿನ ಕೆಸರನ್ನು ಕೆಳಕ್ಕೆ ಎಳೆದುಕೊಂಡು ಹೋಗಿರುತ್ತದೆ. ಆಮೇಲೆ 63 ಮೈಕ್ರಾನಿನ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಜರಡಿಯಲ್ಲಿ ತೊಳೆಯುವುದು. ಮಣ್ಣೆಲ್ಲ ಹೋಗಿ ಒಂದು ಚಿಟಿಕೆ ಪುಡಿ ಉಳಿಯುತ್ತದೆ. ಬರಿಗಣ್ಣಿಗೆ ರವೆ. ಕಪ್ಪು ತಟ್ಟೆಯಲ್ಲಿ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರಲ್ಲಿ ಅರ್ಧಕ್ಕರ್ಧ ಚಿಪ್ಪುಗಳು! ಬಸವನಹುಳುವಿನ ಹಾಗೆ ಸುತ್ತಿಕೊಂಡ ಸುಣ್ಣದ ಚಿಪ್ಪಿನವು, ಮರಳಿನ ಕಣ ಅಂಟಿಸಿಕೊಂಡು ಮನೆ ಕಟ್ಟಿದವು. ಇವು ಫೊರಾಮಿನಿಫೆರಾ, ಒಂದೇ ಕೋಶದ ಜೀವಿಗಳು. ತೆಳು ಕುಂಚದ ತುದಿ ಒದ್ದೆ ಮಾಡಿ ಒಂದೊಂದನ್ನೇ ಎತ್ತಿ, ಜಾತಿವಾರು ಬೇರೆ ಮಾಡಿ, ಒಂದು ಬಿಲ್ಲೆಗೆ ಮುನ್ನೂರರ ತನಕ ಎಣಿಸಬೇಕು. ಸಂಜೆ ಕಣ್ಣು ಮುಚ್ಚಿದರೂ ಚಿಪ್ಪೇ ಕಾಣುತ್ತಿತ್ತು.

ಒಂದೊಂದು ಜಾತಿಗೂ ಒಂದೊಂದು ನೀರು ಒಗ್ಗುತ್ತದೆ. ಮರಳು ಅಂಟಿಸಿಕೊಳ್ಳುವ ಕೆಲವು ಜಾತಿಗಳಿಗೆ ಸಿಹಿನೀರು ಬೆರೆತ ಸಪ್ಪೆ ಜಾಗ ಆಗುತ್ತದೆ. ಅಮೋನಿಯಾ ಅಂತ ಒಂದಿದೆ (ಗ್ಯಾಸ್ ಅಲ್ಲ, ಜೀವಿಯ ಹೆಸರೇ ಅದು). ಆಮ್ಲಜನಕ ಕಡಿಮೆಯಾದರೂ ಅದು ಹೇಗೋ ತಡೆದುಕೊಳ್ಳುತ್ತದೆ. ಅದರ ಪಕ್ಕದಲ್ಲೇ ಬದುಕುವ ಎಲ್ಫಿಡಿಯಂ ಅನ್ನುವ ಇನ್ನೊಂದು ಬಗೆಗೆ ಅಷ್ಟು ತಾಳಿಕೆ ಇಲ್ಲ. ಹಾಗಾಗಿ ಕೋರಿನಲ್ಲಿ ಮೇಲೆ ಬಂದ ಹಾಗೆಲ್ಲ, ಅಂದರೆ ಇತ್ತೀಚಿನ ಕಾಲಕ್ಕೆ ಬಂದ ಹಾಗೆಲ್ಲ, ಅಮೋನಿಯಾ ಹೆಚ್ಚಿ ಎಲ್ಫಿಡಿಯಂ ಕಡಿಮೆಯಾದರೆ ತಳದ ನೀರಿಗೆ ಉಸಿರು ಕಟ್ಟುತ್ತಿತ್ತು ಅನ್ನುವ ಅನುಮಾನ ಬರುತ್ತದೆ.

ಅನುಮಾನ ಅಷ್ಟೇ. ಒಂದೇ ಸಾಕ್ಷಿ ನಂಬಿ ತೀರ್ಪು ಕೊಡಬಾರದು ಅನ್ನುವುದನ್ನು ನಾನು ಕೈಸುಟ್ಟುಕೊಂಡು ಕಲಿತೆ. ಒಮ್ಮೆ ಕಪ್ಪು ಕೆಸರಿನ ಕೆಲವು ಬಿಲ್ಲೆಗಳನ್ನು ಒದ್ದೆಯಾಗಿಯೇ ಚೀಲದಲ್ಲಿ ಬಿಟ್ಟು ಊರಿಗೆ ಹೋಗಿದ್ದೆ. ವಾರಗಳ ನಂತರ ಜರಡಿ ಹಿಡಿದರೆ ಒಂದೂ ಸುಣ್ಣದ ಚಿಪ್ಪಿಲ್ಲ, ಮರಳಿನ ಚಿಪ್ಪು ಮಾತ್ರ. "ಅರೆ, ಆ ಕಾಲದಲ್ಲಿ ನೀರು ಸಪ್ಪೆಯಾಗಿತ್ತು" ಅಂತ ಖುಷಿಯಲ್ಲಿ ಬರೆದೂಬಿಟ್ಟೆ. ನಮ್ಮ ಮೇಡಂ ಚೀಲ ಮೂಸಿ ನೋಡಿ ನಕ್ಕರು. ಕಪ್ಪು ಕೆಸರಿನಲ್ಲಿ ಗಂಧಕ ಸೇರಿದ ಕಬ್ಬಿಣ ಇರುತ್ತದೆ. ಗಾಳಿ ತಾಗಿದರೆ ಅದು ಆಮ್ಲ ಬಿಡುತ್ತದೆ. ಆ ಆಮ್ಲ ಚಿಪ್ಪನ್ನೆಲ್ಲ ಕರಗಿಸಿತ್ತು. ಸಪ್ಪೆಯಾಗಿದ್ದದ್ದು ನೀರಲ್ಲ, ನನ್ನ ತಲೆ.

ಹಲವು ಸಾಕ್ಷಿ ಕೂಡಿಸಿ ಓದಿದ್ದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ ಅಮೆರಿಕದ ಚೆಸಪೀಕ್ ಕೊಲ್ಲಿ. ಹೆಸರಿಗೆ ಕೊಲ್ಲಿ, ನಿಜಕ್ಕೂ ಅದು ಕಡಲೇರಿ ಮುಳುಗಿದ ಸಸ್ಕ್ವೆಹಾನಾ ನದಿಯ ಕಣಿವೆ. ಸುಮಾರು 300 ಕಿಲೋಮೀಟರ್ ಉದ್ದದ ಅಳಿವೆ. ಬೇಸಿಗೆಯಲ್ಲಿ ಅದರ ತಳದಲ್ಲಿ ಆಮ್ಲಜನಕ ಖಾಲಿಯಾಗುತ್ತದೆ. ಇದು ಮೊದಲಿಂದಲೂ ಹೀಗೆಯಾ, ಮನುಷ್ಯರು ಮಾಡಿದ್ದಾ ಅನ್ನುವ ಜಗಳಕ್ಕೆ ಶೆರಿ ಕೂಪರ್ ಮತ್ತು ಗ್ರೇಸ್ ಬ್ರಷ್ ಅನ್ನುವ ವಿಜ್ಞಾನಿಗಳು ಕೆಸರಿನಿಂದಲೇ ಉತ್ತರ ಹುಡುಕಿ 1991ರಲ್ಲಿ ಪ್ರಕಟಿಸಿದರು.

ಮೊದಲು ಕಾಲ ಗೊತ್ತಾಗಬೇಕಲ್ಲ. ರೇಡಿಯೋಕಾರ್ಬನ್ (ಹಳೇ ವಸ್ತುವಿನಲ್ಲಿ ಉಳಿದ ವಿಕಿರಣಶೀಲ ಇಂಗಾಲ ಅಳೆದು ವಯಸ್ಸು ಹೇಳುವ ವಿಧಾನ) ಜೊತೆಗೆ ಅವರು ಪರಾಗದ ಕಣಗಳನ್ನು ಎಣಿಸಿದರು. ಯುರೋಪಿನವರು ಬಂದು ಕಾಡು ಕಡಿದು ಹೊಲ ಮಾಡಿದಾಗ ರಾಗ್‌ವೀಡ್ ಅನ್ನುವ ಕಳೆ ಎಲ್ಲೆಲ್ಲೂ ಹಬ್ಬಿತು. ನಮ್ಮ ಕಾಂಗ್ರೆಸ್ ಗಿಡದ ಕುಟುಂಬದ್ದೇ ಅದು. ಕೆಸರಿನಲ್ಲಿ ಅದರ ಪರಾಗ ದಿಢೀರನೆ ಏರಿದ ಪದರ ಅಂದರೆ 18ನೇ ಶತಮಾನ ಅಂತ ಲೆಕ್ಕ. ಕಳೆಯೇ ಕ್ಯಾಲೆಂಡರ್! ಹತ್ತಿರದ ನೂರು ವರ್ಷಕ್ಕೆ ಬೇರೆ ದಾರಿಗಳೂ ಇವೆ. ಸುಮಾರು 22 ವರ್ಷಕ್ಕೆ ಅರ್ಧವಾಗುವ ವಿಕಿರಣಶೀಲ ಸೀಸ-210 ಒಂದು. ಅಣುಬಾಂಬ್ ಪರೀಕ್ಷೆಗಳಿಂದ ಉದುರಿದ ಸೀಸಿಯಂ-137 ಇನ್ನೊಂದು, ಅದರ ಶಿಖರ 1963ರ ಆಸುಪಾಸು.

ಆ ಕಳೆಯ ಗೆರೆಯಿಂದ ಮೇಲಕ್ಕೆ ಏನೇನು ಬದಲಾಯಿತು ನೋಡಿ. ಹೂಳು ಬೇಗ ಬೇಗ ತುಂಬತೊಡಗಿತು. ಡಯಾಟಮ್ ಅನ್ನುವ ಗಾಜಿನ ಗೂಡಿನ ಪಾಚಿಗಳಲ್ಲಿ ಬಗೆಗಳು ಕಡಿಮೆಯಾದವು. ತಳದಲ್ಲಿ ಬೆಳೆಯುವ ಉದ್ದನೆಯವು ಹಿಂದೆ ಬಿದ್ದವು, ನೀರಲ್ಲಿ ತೇಲುವ ದುಂಡನೆಯವು ಹೆಚ್ಚಿದವು. ಅಂದರೆ ನೀರು ಕದಡಿ, ತಳಕ್ಕೆ ಬಿಸಿಲು ತಲುಪುವುದು ನಿಂತಿತ್ತು. ಪೈರೈಟ್ (ಆಗಲೇ ಹೇಳಿದ ಗಂಧಕ ಸೇರಿದ ಕಬ್ಬಿಣ) ಕೂಡ ಹೆಚ್ಚಿತು. ಸೂಕ್ಷ್ಮದರ್ಶಕದಲ್ಲಿ ಅದು ಪುಟಾಣಿ ಹಿಪ್ಪುನೇರಳೆ ಹಣ್ಣಿನ ಹಾಗೆ ಕಾಣುತ್ತದೆ, ಆಮ್ಲಜನಕ ಇಲ್ಲದ ಕೆಸರಿನಲ್ಲಿ ಹುಟ್ಟುತ್ತದೆ. ಪಾಚಿ, ಪೈರೈಟ್, ಹೂಳು ಮೂರಕ್ಕೂ ಒಂದಕ್ಕೊಂದು ನೆಂಟಸ್ತನ ಇಲ್ಲ, ಆದರೂ ಒಂದೇ ಕಡೆ ಕೈ ತೋರಿಸುತ್ತವೆ. ಹಾಗಾಗಿಯೇ ನಾನು ಇದನ್ನು ಊಹೆ ಅನ್ನುವುದಿಲ್ಲ.

ನಮ್ಮ ಕಡೆಯೂ ಇಂಥ ಕೆಲಸ ಆಗಿದೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ರಾಜೀವ್ ನಿಗಮ್ ಮತ್ತು ಸಂಗಡಿಗರು ಕಾರವಾರದ ಎದುರು, ಕಾಳಿ ನದಿ ಸೇರುವ ಕಡಲಿನ ಕೋರ್ ತೆಗೆದು ಕೋಣೆ ಕೋಣೆಯಾಗಿ ಬೆಳೆಯುವ ಫೊರಾಮಿನಿಫೆರಾ ಚಿಪ್ಪಿನ ಮೊಟ್ಟಮೊದಲ ಕೋಣೆಯ ಗಾತ್ರ ಅಳೆದರು. ನದಿ ಎಷ್ಟು ಸಿಹಿನೀರು ತಂದಿತು ಎಂಬುದರ ಮೇಲೆ ಆ ಗಾತ್ರ ಬದಲಾಗುತ್ತದೆ. ಅದರಿಂದ ಸುಮಾರು 77 ವರ್ಷಕ್ಕೊಮ್ಮೆ ಬರಗಾಲ ಮರಳುವ ಲಯ ಕಂಡಿತು. ಸಾಸಿವೆಗಿಂತ ಎಷ್ಟೋ ಸಣ್ಣ ಚಿಪ್ಪಿನ ಒಳಕೋಣೆ ಅಳೆದು ಮಳೆಯ ಲೆಕ್ಕ ಹೇಳಿದರು ಅಂದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇನ್ನು ಹೊನ್ನಾವರ, ಅಂದರೆ ಶರಾವತಿಯ ಅಳಿವೆ. ಖಂಡಿತ ಮಾಡಬಹುದು, ಅಲ್ಲಿ ಒಂದು ಅನುಕೂಲವೂ ಇದೆ. 1964ರಲ್ಲಿ ಆ ನದಿಯ ಮೇಲ್ಗಡೆ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಕರೆಂಟ್ ತೆಗೆದ ನೀರು ಬೇಸಿಗೆಯಲ್ಲೂ ಶರಾವತಿಯಲ್ಲಿ ಇಳಿದುಬಂದು ಅಳಿವೆ ಸಪ್ಪೆಯಾಯಿತು, ಬಳಚು (ತಿನ್ನುವ ಚಿಪ್ಪುಜೀವಿ) ಕಡಿಮೆಯಾಯಿತು. ಪಕ್ಕದ ಅಘನಾಶಿನಿಗೆ ಅಣೆಕಟ್ಟಿಲ್ಲ, ಅಲ್ಲಿ ಇವತ್ತಿಗೂ ಬಳಚು ಆರಿಸುತ್ತಾರೆ. ಸೀಸಿಯಂನ 1963ರ ಗುರುತು, ಅಣೆಕಟ್ಟಿನ ವರ್ಷ ಎರಡೂ ಕೆಸರಿನಲ್ಲಿ ಹೆಚ್ಚುಕಮ್ಮಿ ಒಂದೇ ಜಾಗಕ್ಕೆ ಬರುತ್ತವೆ. ನಾನಾದರೆ ಎರಡೂ ಅಳಿವೆಯಲ್ಲಿ ಒಂದೊಂದು ಕೋರ್ ತೆಗೆದು ಆ ಗೆರೆಯ ಮೇಲೆ, ಕೆಳಗೆ ಚಿಪ್ಪು ಎಣಿಸುತ್ತೇನೆ. ಮರಳು ತೆಗೆದ ಜಾಗದ ಹತ್ತಿರ ಮಾತ್ರ ಹೋಗಬೇಡಿ, ಅಲ್ಲಿ ಪದರಗಳೆಲ್ಲ ಕಲಸಿಹೋಗಿರುತ್ತವೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಅಂಚಿನ, ದೋಣಿ ಹೆಚ್ಚು ಓಡಾಡದ ಮೆತ್ತನೆ ಕೆಸರು ನೋಡಿ. ತೆಗೆದದ್ದನ್ನು ಅವತ್ತೇ ಫ್ರೀಜರಿಗೆ ಹಾಕಿ, ಚೀಲದಲ್ಲಿ ಬಿಟ್ಟು ಊರಿಗೆ ಹೋಗಬೇಡಿ.