ಅರ್ಧ ದಾರಿಗೇ ಮುಂಗೈ ಕಲ್ಲಾದರೆ

ಪ್ರಶ್ನೆ: ಎಂಟು ತಿಂಗಳಿಂದ ಬಂಡೆ ಹತ್ತುತ್ತಿದ್ದೇನೆ. ಅರ್ಧಕ್ಕೆ ಬರುವಷ್ಟರಲ್ಲಿ ಮುಂಗೈ ಕಲ್ಲಿನಂತೆ ಬಿಗಿದು ಬೆರಳು ಜಾರುತ್ತದೆ. ಮಳೆಗಾಲದಲ್ಲಿ ಮನೆಯಲ್ಲೇ ಬೆರಳಿಗೆ ಬಲ ಬರಿಸಬಹುದೇ?
– ಓದುಗರೊಬ್ಬರು, ಶಿರಸಿ

ಉತ್ತರ: ಬರಿಸಬಹುದು. ಆದರೆ ಮೊದಲು ಪಾದವನ್ನು ಅನುಮಾನಿಸಿ. ಕಾಲ ಮೇಲೆ ನಂಬಿಕೆ ಇಲ್ಲದವರು ಕೈಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಅಮುಕುತ್ತಾರೆ. ಬಿಗಿದ ಸ್ನಾಯುವಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ, ಮುಂಗೈ ಉಬ್ಬುತ್ತದೆ. ಮೊಣಕೈ ಚಾಚಿ, ಸೊಂಟವನ್ನು ಬಂಡೆಗೆ ಹತ್ತಿರ ತಂದು, ಭಾರವನ್ನು ಕಾಲಿನ ಹೆಬ್ಬೆರಳಿಗೆ ಬಿಡಿ. ಶೂ ತುದಿ ಕೂರುವ ತನಕ ಅದರಿಂದ ಕಣ್ಣು ತೆಗೆಯಬೇಡಿ, ಕೂತ ಮೇಲೆ ಕದಲಿಸಬೇಡಿ.

ಮನೆಯಲ್ಲಿ, ಗಟ್ಟಿ ತೊಲೆಗೆ ಸ್ಕ್ರೂ ಹಾಕಿದ 20 ಮಿ.ಮೀ. ಅಂಚಿನ ಮರದ ಪಟ್ಟಿ ಸಾಕು. ಅಂಚನ್ನು ಉಜ್ಜಿ ದುಂಡಗೆ ಮಾಡಿ. ಮೈ ಬಿಸಿ ಮಾಡಿಕೊಂಡು, ಪಾದವನ್ನು ಸ್ಟೂಲಿಗೆ ತಾಗಿಸಿಯೇ ಬೆರಳಲ್ಲಿ ಅಂಚು ಹಿಡಿದು 10 ಸೆಕೆಂಡ್ ಜೋತಾಡಿ, 3 ನಿಮಿಷ ಬಿಡುವು ಕೊಡಿ; ಹೀಗೆ 5 ಸಲ, ವಾರಕ್ಕೆ 2 ದಿನ. ಬೆರಳ ಗೆಣ್ಣು ಮಡಚಿ ಮೇಲೆ ಹೆಬ್ಬೆರಳು ಒತ್ತುವ ಹಿಡಿತ ಈಗಲೇ ಬೇಡ, ಸ್ನಾಯುರಜ್ಜುವನ್ನು ಮೂಳೆಗೆ ಹಿಡಿದಿಡುವ ಪಟ್ಟಿ ಹರಿಯುವುದು ಹೆಚ್ಚಾಗಿ ಅಲ್ಲೇ. ‘ಟಪ್’ ಎಂದು ಸದ್ದಾದರೆ ಅಂದಿಗೆ ನಿಲ್ಲಿಸಿ, ವೈದ್ಯರಿಗೆ ತೋರಿಸಿ.

ಅಂದ ಹಾಗೆ, ಯಾಣದ ಶಿಖರ ಕಂಡು ಕೈ ತುರಿಸೀತು. ಅದು ದೇವರ ಜಾಗ, ಅಲ್ಲಿ ಬೇಡ.