ಸ್ಟ್ಯಾಟಿಸ್ಟಿಕ್ಸ್ ಪಿಎಚ್‌ಡಿಗೆ ಸೇರಿದ್ದೇನೆ. ಸಂಶೋಧನಾ ಪ್ರಬಂಧ ಓದುವುದು ಹೇಗೆ? ಮುಂದೆ ಕೆಲಸಕ್ಕೆ ಏನು ಕಲಿಯಬೇಕು?

ಮೊದಲ ಸಾಲಿನಿಂದ ಕೊನೆಯವರೆಗೆ ಒಂದೇ ಸಲ ಓದಬೇಡಿ. ಮೊದಲು ಪೀಠಿಕೆ, ಮುಖ್ಯ ಪ್ರಮೇಯ, ಸಿಮ್ಯುಲೇಶನ್ (ಕಂಪ್ಯೂಟರ್‌ನಲ್ಲಿ ಕೃತಕ ಡೇಟಾ ಸೃಷ್ಟಿಸಿ ಮಾಡುವ ಪರೀಕ್ಷೆ) ಫಲಿತಾಂಶ ನೋಡಿ. ಪ್ರೂಫ್ ಆಮೇಲೆ.

ಸ್ಟ್ಯಾಟಿಸ್ಟಿಕ್ಸ್ ತಜ್ಞರಾದ ಬೆಂಜಮಿನಿ ಮತ್ತು ಹೋಕ್‌ಬರ್ಗ್ ಅವರ 1995ರ ಪ್ರಬಂಧವನ್ನೇ ತಗೊಳ್ಳಿ. ನೂರಾರು ಪರೀಕ್ಷೆಗಳನ್ನು ಒಟ್ಟಿಗೆ ಮಾಡಿದಾಗ, 'ಪರಿಣಾಮ ಇದೆ' ಅಂದವುಗಳಲ್ಲಿ ಸುಳ್ಳಿನ ಪಾಲು ಸರಾಸರಿಯಲ್ಲಿ ನಾವು ಮೊದಲೇ ಇಟ್ಟ ಮಿತಿಯನ್ನು ಮೀರದಂತೆ ನೋಡಿಕೊಳ್ಳುವ ವಿಧಾನ ಅದು. ಆರ್ (R) ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದಕ್ಕೆ ಸಿದ್ಧ ಫಂಕ್ಷನ್ ಇದೆ, ಆದರೂ ಕೋಡ್ ನೀವೇ ಬರೆಯಿರಿ. ಸುಮ್ನೆ ಓದಿದರೆ ಅರ್ಥವಾದಂತೆ ಅನಿಸುತ್ತದೆ, ಬರೆಯಲು ಕೂತಾಗಲೇ ಎಲ್ಲಿ ಸಿಕ್ಕಿಕೊಂಡಿದ್ದೀರಿ ಎಂದು ಗೊತ್ತಾಗುವುದು. ಆಮೇಲೆ ಷರತ್ತುಗಳನ್ನು ಪ್ರಶ್ನಿಸಿ. ಅವರ ಪ್ರೂಫ್‌ನಲ್ಲಿ ಪರೀಕ್ಷೆಗಳು ಒಂದಕ್ಕೊಂದು ಸ್ವತಂತ್ರವಾಗಿರಬೇಕು. ಇಲ್ಲದಿದ್ದರೆ? ಬೆಂಜಮಿನಿ ಮತ್ತು ಯೆಕುಟಿಯೆಲಿ 2001ರಲ್ಲಿ ಬರೆದ ಪ್ರಬಂಧ ಇದೇ ಪ್ರಶ್ನೆಯದು. ನಿಮ್ಮ ಥೀಸಿಸ್ ವಿಷಯವೂ ಇಂಥ ಕಡೆಯೇ ಸಿಗಬಹುದು, ಅಲ್ವಾ?

ಇನ್ನು ಕೆಲಸದ ಮಾತು. ಬರೆದ ಕೋಡನ್ನು ಓರಣ ಮಾಡಿ, ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ಗೆ ಹಾಕಿ. ಕೃಷಿ ಅಥವಾ ವೈದ್ಯಕೀಯ ಸಂಶೋಧಕರ ಜೊತೆ ಕೂತು ಅವರ ಡೇಟಾ ನೋಡಿ, ಫಲಿತಾಂಶವನ್ನು ಸೂತ್ರವಿಲ್ಲದೆ ಅವರಿಗೆ ವಿವರಿಸಿ. ನನ್ನ ಪ್ರಕಾರ ಹೆಚ್ಚಿನವರು ಹಿಂದೆ ಬೀಳುವುದು ಇಲ್ಲೇ. ಔಷಧ ಕಂಪನಿಗೆ ಹೋಗುವ ಆಸೆಯಿದ್ದರೆ ಎಸ್‌ಎಎಸ್ (SAS) ಎಂಬ ಡೇಟಾ ವಿಶ್ಲೇಷಣೆಯ ಸಾಫ್ಟ್‌ವೇರ್ ಕೂಡ ಕಲಿಯಿರಿ, ಅಲ್ಲಿ ಅದರ ಬಳಕೆ ಈಗಲೂ ಜಾಸ್ತಿ.