ಸಹಿ ಇರೋ ಫೋಟೋಗೆ ಲ್ಯಾಮಿನೇಶನ್ ಬೇಡ, ನಿಮ್ಮ ದಮ್ಮಯ್ಯ

ಎಂಟನೇ ಕ್ರಾಸ್ ಗಣಪತಿ ಉತ್ಸವದ ಸಂಗೀತ ಕಛೇರಿ ಮುಗಿದ ಮೇಲೆ ವಿದ್ವಾಂಸರ ಹತ್ತಿರ ಫೋಟೋ ಮೇಲೆ ಸಹಿ ಹಾಕಿಸಿಕೊಂಡೆ, ನಾಳೆ ಲ್ಯಾಮಿನೇಶನ್ ಮಾಡಿಸಿ ಹಾಲ್‌ನಲ್ಲಿ ಕಿಟಕಿ ಎದುರಿಗೆ ತೂಗು ಹಾಕ್ತೀನಿ ಅಂತ ಈ ಗ್ರೂಪಿನಲ್ಲಿ ಬರೆದಿದ್ದೀರಲ್ಲ ಸ್ವಾಮಿ, ಆ ನಾಳೆ ಇನ್ನೂ ಬಂದಿಲ್ಲ ಅಂದ್ಕೊಂಡು ಇದನ್ನ ಬರೀತಿದ್ದೀನಿ. ಕೆಳಗೆ ಅಷ್ಟೊಂದು ಜನ ಸೂಪರ್ ಸೂಪರ್ ಅಂದಿದ್ದಾರೆ, ಒಬ್ಬರಾದರೂ ಬೇಡ ಅನ್ನಬಾರದಾ?

2010ರ ಜನವರಿ, ನಮ್ಮ ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ಕರ್ನಾಟಕ-ಮುಂಬೈ ರಣಜಿ ಕ್ರಿಕೆಟ್ ಫೈನಲ್. ಮರದ ಮೇಲೆಲ್ಲ ಜನ. ಮೊದಲೇ ಪ್ರಿಂಟ್ ಹಾಕಿಸಿಟ್ಟುಕೊಂಡಿದ್ದ ಫೋಟೋ ಮೇಲೆ ನಮ್ಮ ಕಡೆ ಆಟಗಾರರೊಬ್ಬರ ಹತ್ತಿರ ಸಹಿ ಹಾಕಿಸಿದೆ. ಆರು ರನ್ನಿಗೆ ಸೋತ ಸಂಕಟ, ಇದೊಂದಾದರೂ ಉಳೀಲಿ ಅಂತ ಮಾರನೇ ದಿನವೇ ಲ್ಯಾಮಿನೇಶನ್ ಅಂಗಡಿಗೆ ಓಡಿದೆ. "ನೂರು ವರ್ಷ ಏನೂ ಆಗಲ್ಲ ಸಾರ್" ಅಂದ. ಆ ರೋಲರ್ ನೂರು ಡಿಗ್ರಿ ದಾಟಿ ಕಾದಿರುತ್ತೆ, ಪ್ಲಾಸ್ಟಿಕ್ ಒಳಮೈಯ ಅಂಟು ಕರಗಿ ಫೋಟೋ ಮೇಲೆ ಕೂರುತ್ತೆ. ಹೊರಗೆ ಬಂದಾಗ ಚೆನ್ನಾಗೇ ಇತ್ತು, ಅದೇ ಮೋಸ. ಎರಡು ಮಳೆಗಾಲ ಕಳೆಯೋಷ್ಟರಲ್ಲಿ ಕಪ್ಪು ಗೆರೆಯ ಸುತ್ತ ನೇರಳೆ ಹಣ್ಣು ತಿಂದ ನಾಲಿಗೆ ಥರ ಬಣ್ಣ ಹರಡ್ತು. ಸಹಿ ಕೊನೆಗೆ ಉದ್ದಕ್ಕೆ ಬಾಲ ಎಳೆದಿದ್ದರು, ಅದು ಈಗ ಬರೀ ಕಲೆ. ಮೂಲೆಯಲ್ಲಿ ಬಿಡಿಸೋಣ ಅಂತ ಬ್ಲೇಡ್ ಹಾಕಿದೆ, ಫೋಟೋ ಪದರವೇ ಪ್ಲಾಸ್ಟಿಕ್ ಜೊತೆ ಎದ್ದು ಬಂತು. ಅಲ್ಲಿಗೆ ಕೈಬಿಟ್ಟೆ.

ಕೋಲ್ಡ್ ಲ್ಯಾಮಿನೇಶನ್ ಆದರೆ? ಬಿಸಿ ಇರಲ್ಲ, ಅಂಟು ಇದ್ದೇ ಇರುತ್ತೆ. ಅದೂ ಬೇಡ. ಮೇಲೆ ಇನ್ನೊಬ್ಬರು ಹೇರ್ ಸ್ಪ್ರೇ ಹೊಡೀರಿ ಅಂತ ಸಲಹೆ ಕೊಟ್ಟಿದ್ದಾರೆ. ಅದರಲ್ಲಿರೋದು ಆಲ್ಕೋಹಾಲ್ ಸ್ವಾಮಿ, ಪರ್ಮನೆಂಟ್ ಮಾರ್ಕರ್ ಶಾಯಿ ಕರಗೋದೂ ಅದರಲ್ಲೇ. ತಿಳೀದೇ ಇದ್ದರೆ ಸುಮ್ಮನಿರಬಹುದು.

ಹಾಗಾದರೆ ಏನು ಮಾಡಬೇಕು? ಒಳ್ಳೆ ಸ್ಕ್ಯಾನ್ ಮಾಡಿಸಿ, ಅದರ ಪ್ರಿಂಟ್ ತೆಗೆಸಿ ಅದನ್ನ ಗೋಡೆಗೆ ಹಾಕಿ. ಬಂದವರಿಗೆ ವ್ಯತ್ಯಾಸ ಗೊತ್ತಾಗಲ್ಲ. ಒರಿಜಿನಲ್ ಬೀರುವಿನೊಳಗೆ. ಇಲ್ಲ, ಅಸಲಿಯೇ ಗೋಡೆ ಮೇಲಿರಬೇಕು ಅನ್ನೋ ಹಟ ಇದ್ದರೆ ಬಿಸಿಲು ತಾಗದ ಗೋಡೆ ಹುಡುಕಿ, ಫ್ರೇಮಿನವನಿಗೆ ಮೌಂಟ್ ಬೋರ್ಡ್ (ಫೋಟೋ ಸುತ್ತ ಕೂರೋ ದಪ್ಪ ರಟ್ಟು) ಕೊಟ್ಟು ಗಾಜು ಫೋಟೋಗೆ ತಾಗದ ಹಾಗೆ ಹಾಕು ಅಂತ ಎದುರಿಗೆ ನಿಂತು ಹೇಳಿ. ನಮ್ಮೂರಿನ ಜುಲೈ ಥಂಡಿಗೆ ಗಾಜಿಗೆ ಅಂಟಿಕೊಂಡ ಫೋಟೋ ಮತ್ತೆ ಬಿಡಲ್ಲ. ಗಾಜು ಹಾಕಿದ ಮಾತ್ರಕ್ಕೆ ಬಿಸಿಲು ತಡೆಯುತ್ತೆ ಅಂದ್ಕೋಬೇಡಿ, ಮಾಮೂಲಿ ಗಾಜಲ್ಲಿ ಬಣ್ಣ ಕೆಡಿಸೋ ಯುವಿ ಕಿರಣ ಸಾಕಷ್ಟು ದಾಟಿ ಬರುತ್ತೆ.

ಬೀರುವಿನಲ್ಲಿಡೋಕೂ ಕವರ್ ನೋಡಿ ತಗೊಳ್ಳಿ. ಹೊಸ ರೇನ್‌ಕೋಟ್ ವಾಸನೆ ಬರೋ ಮೆತ್ತನೆ ಪ್ಲಾಸ್ಟಿಕ್ಕು ಪಿವಿಸಿ, ಎಷ್ಟು ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡಿ, ಶಾಯಿಯನ್ನೇ ಎತ್ತಿಕೊಳ್ಳುತ್ತೆ. ಪಾಲಿಪ್ರೊಪಿಲೀನ್ ಅಂತ ಬರೆದಿರೋದನ್ನ ಕೇಳಿ ತಗೊಳ್ಳಿ. ಪುಟದ ತುಂಬ ಗೆರೆಗೆರೆಯಾಗಿ ಅಂಟು ಇರೋ ಹಳೇ ಮದುವೆ ಆಲ್ಬಮ್ ಥರದ್ದು ಲ್ಯಾಮಿನೇಶನ್ನಿನ ತಮ್ಮ. ನುಸಿ ಗುಳಿಗೆ ಬೇಡ, ಸಿಲಿಕಾ ಜೆಲ್ ಪೊಟ್ಟಣ ಸಾಕು. ಅಟ್ಟದ ಮೇಲಂತೂ ಇಡಲೇಬೇಡಿ, ಏಪ್ರಿಲ್‌ನಲ್ಲಿ ಅಲ್ಲಿ ಹಪ್ಪಳ ಒಣಗಿಸಬಹುದು.

ಇನ್ನು ಪೆನ್ನು. ನೀವು ಹಾಕಿರೋ ಫೋಟೋನ ಜೂಮ್ ಮಾಡಿ ನೋಡಿದೆ, ಬಾಲ್ ಪೆನ್ನು ಕೊಟ್ಟಿದ್ದೀರಿ, ಗೆರೆ ಅಲ್ಲಲ್ಲಿ ಜಾರಿದೆ. ಸ್ಟುಡಿಯೋ ಪ್ರಿಂಟಿನ ಮೈ ನುಣುಪು, ಬಾಲ್ ಪೆನ್ನಿನ ಶಾಯಿ ಸರಿಯಾಗಿ ಹಿಡಿಯಲ್ಲ. ಬಿಟ್ಟು ಹೋದ ಕಡೆ ನೀವೇ ತಿದ್ದೋಕೆ ಹೋಗಬೇಡಿ ಮತ್ತೆ, ತಿದ್ದಿದ ಸಹಿ ಅವರದ್ದೂ ಅಲ್ಲ ನಿಮ್ಮದೂ ಅಲ್ಲ. ಮುಂದಿನ ಸಲ ಹೊಳಪಿಲ್ಲದ ಮ್ಯಾಟ್ ಪ್ರಿಂಟ್ ಹಾಕಿಸಿ, ಬಾಲ್ ಪೆನ್ನಿನ ಬದಲು ಪರ್ಮನೆಂಟ್ ಮಾರ್ಕರ್ ಕೊಡಿ. ಶಾರ್ಪಿ ಅಂತ ಎಲ್ಲರೂ ಕುಣೀತಾರೆ, ಕೆಟ್ಟದೇನಲ್ಲ, ನನ್ನ ಕೈಗೆ ಸ್ಟೇಡ್ಲರ್ ಲ್ಯುಮೋಕಲರ್ ಸಣ್ಣ ಮೊನೆಯದೇ ಒಗ್ಗಿದೆ. ಕಪ್ಪು ಕೋಟು, ಕಡುಬಣ್ಣದ ಸೀರೆ ಇದ್ದರೆ ಸಿಲ್ವರ್ ಪೇಂಟ್ ಮಾರ್ಕರ್. ಅದನ್ನ ಮನೆಯಲ್ಲೇ ಅಲ್ಲಾಡಿಸಿ, ರದ್ದಿ ಕಾಗದದ ಮೇಲೆ ಒತ್ತಿ ಶಾಯಿ ಇಳಿಸಿಕೊಂಡು ಹೋಗಿ. ದೊಡ್ಡವರ ಕೈಗೆ ಕೊಟ್ಟ ಮೇಲೆ ಬುಳಕ್ ಅಂತ ಮುಖದ ಮೇಲೇ ಉದುರಿಸಿದ್ದನ್ನ ಕಣ್ಣಾರೆ ನೋಡಿದ್ದೀನಿ. ಸಹಿ ಬೀಳೋ ಜಾಗಾನ ಮೊದಲೇ ಒಣಬಟ್ಟೆಯಲ್ಲಿ ಒರೆಸಿ, ಬೆರಳಿನ ಜಿಡ್ಡಿನ ಮೇಲೆ ಶಾಯಿ ಮುತ್ತುಮುತ್ತಾಗಿ ನಿಲ್ಲುತ್ತೆ. ಆಮೇಲೆ ಹತ್ತು ನಿಮಿಷ ಮಟ್ಟಸವಾಗಿ ಹಿಡ್ಕೊಂಡಿರಿ. ಉಫ್ ಅಂತ ಊದಬೇಡಿ, ಎಂಜಲು ಹಾರುತ್ತೆ.

ಹಳೇ ಕಪ್ಪುಬಿಳುಪು ಫೋಟೋ ಕೊಳ್ಳೋರಿಗೂ ಒಂದು ಮಾತು, ಹೋದ ತಿಂಗಳು ಇಲ್ಲಿ ಯಾರೋ ಕುವೆಂಪು ಸಹಿ ಅಂತ ಒಂದನ್ನ ತೋರಿಸಿದ್ದರಲ್ಲ, ಅದಕ್ಕೆ. ಅವರು ತೀರಿಕೊಂಡಿದ್ದು 1994ರಲ್ಲಿ. ಕಂಪ್ಯೂಟರಿಗೆ ಹಚ್ಚೋ ಇಂಕ್‌ಜೆಟ್ ಪ್ರಿಂಟರಿನಲ್ಲಿ ಫೋಟೋ ತೆಗೆಯೋದು ಬಳಕೆಗೆ ಬಂದಿದ್ದೇ ಆಮೇಲೆ, ಫೋಟೋನೇ ಇಂಕ್‌ಜೆಟ್ ಪ್ರಿಂಟ್ ಆಗಿದ್ದರೆ ಸಹಿ ನೋಡೋ ಶ್ರಮವೂ ಬೇಡ. ಮೊದಲು ಕಾಗದ, ಆಮೇಲೆ ಕೈಬರಹ. ಬೆಳಕಿಗೆ ಓರೆಯಾಗಿ ಹಿಡೀರಿ, ಮಾರ್ಕರ್ ಸಹಿ ಮೇಲೆ ಕೂತಿರೋದು ಹೊಳಪಿನಲ್ಲಿ ಗೊತ್ತಾಗುತ್ತೆ. ಅಚ್ಚಿನ ಸಹಿಗೆ ಫೋಟೋದಷ್ಟೇ ಹೊಳಪು, ಲೆನ್ಸ್ ಹಿಡಿದರೆ ಎಷ್ಟೋ ಸಲ ಚುಕ್ಕಿಚುಕ್ಕಿ ಕಾಣುತ್ತೆ. ಸಿನಿಮಾ ನಟರಿಗೆ ಕಾಗದ ಬರೆದು ತರಿಸಿಕೊಂಡ ಹಳೇ ಕಾರ್ಡುಗಳಲ್ಲಿ ಅಂಥದ್ದು ಬೇಕಾದಷ್ಟಿವೆ, ಬೇಜಾರು ಮಾಡ್ಕೋಬೇಡಿ.

ಫೋಟೋ ಬೆನ್ನಿಗೆ ಏನೂ ಬರೀಬೇಡಿ, ಅಚ್ಚು ಮುಂದಕ್ಕೆ ಎದ್ದು ಕಾಣುತ್ತೆ. ಒಂದು ಚೀಟಿಯಲ್ಲಿ ತಾರೀಕು, ಜಾಗ, ಯಾರ ಕಛೇರಿ ಅಂತ ಬರೆದು, ಆವತ್ತಿನ ಆಹ್ವಾನ ಪತ್ರಿಕೆ ಜೊತೆ ಬೇರೆ ಕವರಿನಲ್ಲಿಡಿ. ಆಹ್ವಾನ ಪತ್ರಿಕೆ ಎಸೆದಿಲ್ಲ ತಾನೇ? ಎಸೆದಿದ್ದರೆ ಹೇಳಿ, ನನ್ನ ಹತ್ತಿರ ಎರಡಿವೆ. ಲ್ಯಾಮಿನೇಶನ್ ಅಂಗಡಿಗೆ ಹೋಗಿಲ್ಲ ಅಂತ ಮೊದಲು ಇಲ್ಲಿ ಒಂದು ಮೆಸೇಜ್ ಹಾಕಿ, ಆಮೇಲೆ ಕೊಡ್ತೀನಿ.